ಮೊದಲು ಆಸ್ಪತ್ರೆ ನೋಡಿ, ಆಮೇಲೆ ಕಾಲೇಜು

(ಕೊಡಗಿನ ಗೋಣಿಕೊಪ್ಪಲಿನಲ್ಲಿ ಪಿಯುಸಿ ವಿದ್ಯಾರ್ಥಿಗಳು ಮತ್ತು ಪೋಷಕರ ಮುಂದೆ, ಮೆಡಿಕಲ್ ಕಾಲೇಜು ಆರಿಸುವ ಬಗ್ಗೆ ಒಬ್ಬ ವೈದ್ಯರು ಆಡಿದ ಮಾತುಗಳ ಬರಹ ರೂಪ)

ನೀಟ್ ರಿಸಲ್ಟ್ ಬಂದ ಮರುದಿನದಿಂದ ನನ್ನ ಫೋನಿಗೆ ಬಿಡುವಿರುವುದಿಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ. "ಡಾಕ್ಟ್ರೇ, ಇಷ್ಟು ಮಾರ್ಕ್ಸ್ ಬಂದಿದೆ, ಯಾವ ಕಾಲೇಜು ಹಾಕಲಿ?" ನಾನು ತಿರುಗಿ ಕೇಳುವುದೂ ಒಂದೇ. "ಆ ಕಾಲೇಜಿನ ಆಸ್ಪತ್ರೆ ಒಳಗೆ ಹೋಗಿ ನೋಡಿದ್ದೀರಾ?" ಹೆಚ್ಚಿನವರು ನೋಡಿರುವುದಿಲ್ಲ. ಗೇಟು ನೋಡಿರುತ್ತಾರೆ, ಹಾಸ್ಟೆಲ್ ನೋಡಿರುತ್ತಾರೆ, ಮೊಬೈಲಿನಲ್ಲಿ ಡ್ರೋನ್ ವಿಡಿಯೋ ನೋಡಿರುತ್ತಾರೆ. ಮೂರು ವರ್ಷಕ್ಕೂ ಜಾಸ್ತಿ ಮಗಳು ದಿನಾ ನಿಲ್ಲಬೇಕಾದ ವಾರ್ಡನ್ನು ಮಾತ್ರ ಯಾರೂ ನೋಡಿರುವುದಿಲ್ಲ.

ಇವತ್ತು ಅದರ ಬಗ್ಗೆಯೇ ಮಾತಾಡೋಣ. ಯಾವ ಕಾಲೇಜು ಒಳ್ಳೇದು ಅಂತ ಪಟ್ಟಿ ಕೊಡುವುದಿಲ್ಲ. ಪಟ್ಟಿ ನಿಮಗೆ ಎಲ್ಲಿ ಬೇಕಾದರೂ ಸಿಗುತ್ತದೆ.

ಮೊದಲಿಗೆ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಎಂಬಿಬಿಎಸ್ ಅಂದರೆ ನಾಲ್ಕೂವರೆ ವರ್ಷ ಓದು, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಕಲಿಯುವುದು. ಸಿಲಬಸ್ ದೇಶಕ್ಕೆಲ್ಲ ಒಂದೇ, ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, ನಿಗದಿ ಮಾಡಿದ್ದು. ಕರ್ನಾಟಕದಲ್ಲಂತೂ ಡೀಮ್ಡ್ (ವಿಶ್ವವಿದ್ಯಾಲಯಕ್ಕೆ ಸಮಾನ ಅಂತ ಮಾನ್ಯತೆ ಪಡೆದ ಸಂಸ್ಥೆ) ಮತ್ತು ಖಾಸಗಿ ವಿಶ್ವವಿದ್ಯಾಲಯಗಳನ್ನು ಬಿಟ್ಟರೆ ಹೆಚ್ಚುಕಮ್ಮಿ ಎಲ್ಲ ಕಾಲೇಜುಗಳೂ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಮಡಿಕೇರಿಯ ಹುಡುಗನೂ ಬೆಂಗಳೂರಿನ ಹುಡುಗಿಯೂ ಬರೆಯುವುದು ಒಂದೇ ಪ್ರಶ್ನೆಪತ್ರಿಕೆ. ಪುಸ್ತಕ ಅವೇ. ಪಾಠವಂತೂ ಈಗ ಯೂಟ್ಯೂಬಿನಲ್ಲೂ ಇದೆ, ಆ್ಯಪ್‌ಗಳಲ್ಲೂ ಇದೆ. ಮೇಷ್ಟ್ರು ಮುಖ್ಯ ಅಲ್ವಾ ಅಂತ ನೀವು ಕೇಳಬಹುದು. ಮುಖ್ಯವೇ. ಆದರೆ ಒಳ್ಳೆ ಮೇಷ್ಟ್ರ ಮುಂದೆ ರೋಗಿಯೇ ಇಲ್ಲದಿದ್ದರೆ ಅವರು ಏನನ್ನು ತೋರಿಸಿ ಕಲಿಸಬೇಕು?

ನಮ್ಮ ಜಿಲ್ಲೆಯದ್ದೇ ಒಂದು ಉದಾಹರಣೆ ಕೊಡುತ್ತೇನೆ. ತೋಟದಲ್ಲಿ ಕಳೆ ತೆಗೆಯುವಾಗ ಕೈಗೆ ಹಾವು ಕಚ್ಚಿತು ಅಂತ ಒಬ್ಬ ಹೆಂಗಸನ್ನು ಜೀಪಿನಲ್ಲಿ ಕರೆದುಕೊಂಡು ಬರುತ್ತಾರೆ. ಕೈ ಊದಿದೆ. ಯಾವ ಹಾವು ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ದೇಶದಲ್ಲಿ ಸಿಗುವ ವಿಷನಿರೋಧಕ ಔಷಧ ನಾಲ್ಕು ಹಾವುಗಳಿಗಾಗಿ ಮಾಡಿದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಆದರೆ ಕೊಡಗಿನ ಕಾಫಿ ತೋಟದಲ್ಲಿ ಗುಳಿಮಂಡಲ ಅನ್ನುವ ವಿಷದ ಹಾವುಗಳೂ ಇವೆ. ತರಗೆಲೆಯ ನಡುವೆ ಮಲಗಿರುವ, ಮೂಗಿನ ತುದಿ ಮೇಲಕ್ಕೆ ಉಬ್ಬಿದ ಒಂದು ಸಣ್ಣ ಗುಳಿಮಂಡಲ ಇದೆ. ಅದು ಈ ನಾಲ್ಕರ ಪಟ್ಟಿಯಲ್ಲಿ ಇಲ್ಲ. ಅದು ಕಚ್ಚಿದರೆ ಕೆಲವರಿಗೆ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ, ಕೆಲವರಿಗೆ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಆ ಔಷಧವನ್ನು ಎಷ್ಟು ಬಾಟಲಿ ಏರಿಸಿದರೂ ಅದಕ್ಕೆ ನಂಬುವಂಥ ಕೆಲಸ ಮಾಡುವುದಿಲ್ಲ.

ಇಂಥ ಕಡೆ ಡ್ಯೂಟಿ ಡಾಕ್ಟರ್ ಏನು ಮಾಡಬೇಕು? ಮೊದಲು ಎರಡು ಎಂಎಲ್ ರಕ್ತ ತೆಗೆದು ಗಾಜಿನ ಟ್ಯೂಬಿಗೆ ಹಾಕುತ್ತಾರೆ. ಇಪ್ಪತ್ತು ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಆಮೇಲೆ ಒಂದು ಸಲ ವಾಲಿಸುತ್ತಾರೆ. ರಕ್ತ ನೀರಿನ ಹಾಗೆ ಹರಿದರೆ ವಿಷ ಏರಿದೆ ಅಂತ ಲೆಕ್ಕ. ಇಷ್ಟೇ ಪರೀಕ್ಷೆ, ಮೆಷಿನ್ ಏನೂ ಬೇಡ. ಆದರೆ ಟ್ಯೂಬು ಗಾಜಿನದ್ದೇ ಆಗಬೇಕು, ಪ್ಲಾಸ್ಟಿಕ್ ಆದರೆ ರಿಸಲ್ಟ್ ತಪ್ಪಾಗುತ್ತದೆ. ಸೋಪಿನ ಪುಡಿ ಹಾಕಿ ತೊಳೆದ ಟ್ಯೂಬಾದರೂ ತಪ್ಪಾಗುತ್ತದೆ. ಈ ಸಂಗತಿ ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ, ಪರೀಕ್ಷೆಗೆ ಓದಿ ಮರೆಯುತ್ತೇವೆ. ಮಧ್ಯರಾತ್ರಿ ಮನೆಯವರೆಲ್ಲ ಸುತ್ತ ನಿಂತು ಕೂಗಾಡುತ್ತಿರುವಾಗ ಟ್ಯೂಬನ್ನು ಅಲ್ಲಾಡಿಸದೆ ಇಪ್ಪತ್ತು ನಿಮಿಷ ಕಾಯುವ ತಾಳ್ಮೆ ಇದೆಯಲ್ಲ, ಅದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ಅಂಥ ರೋಗಿಗಳು ಬರುವ ಕ್ಯಾಶುವಾಲ್ಟಿಯಲ್ಲಿ, ಅಂದರೆ ತುರ್ತು ಚಿಕಿತ್ಸಾ ವಿಭಾಗದಲ್ಲಿ, ನಿಂತವರಿಗೆ ಮಾತ್ರ ಅದು ಬರುತ್ತದೆ.

ಮೆಣಸು ಕೊಯ್ಯುವ ಕಾಲದಲ್ಲಿ ಇನ್ನೊಂದು ಥರ. ಏಣಿಯಿಂದ ಬಿದ್ದವರು ಬರುತ್ತಾರೆ, ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಶಾಕ್ ಹೊಡೆದವರು ಬರುತ್ತಾರೆ. ಬೆನ್ನುಮೂಳೆ ಮುರಿದವನನ್ನು ಇಬ್ಬರು ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕಿರುತ್ತಾರೆ. ಅವನನ್ನು ಜೀಪಿನಿಂದ ಸ್ಟ್ರೆಚರಿಗೆ ಹೇಗೆ ಇಳಿಸಬೇಕು, ಕುತ್ತಿಗೆ ಯಾರು ಹಿಡಿಯಬೇಕು, ಎಷ್ಟು ಜನ ಬೇಕು, ಇದನ್ನು ನೂರು ಸಲ ನೋಡಿದವರಿಗೂ ಒಂದು ಸಲ ವಿಡಿಯೋ ನೋಡಿದವರಿಗೂ ಅಜಗಜಾಂತರ ವ್ಯತ್ಯಾಸ.

ಹಾಗಾದರೆ ಆಸ್ಪತ್ರೆಯಲ್ಲಿ ರೋಗಿಗಳು ಇದ್ದಾರೋ ಇಲ್ಲವೋ ಅಂತ ಹೊರಗಿನವರಿಗೆ ಗೊತ್ತಾಗುವುದು ಹೇಗೆ? ಕಾಗದದ ಮೇಲೆ ಎಲ್ಲರೂ ಪಾಸ್. ವರ್ಷಕ್ಕೆ 100 ಸೀಟಿನ ಕಾಲೇಜಿಗೆ 420 ಹಾಸಿಗೆ, 150 ಸೀಟಿನ ಕಾಲೇಜಿಗೆ 605 ಹಾಸಿಗೆ ಇರಬೇಕು ಅಂತ ಎನ್‌ಎಂಸಿಯ 2023ರ ನಿಯಮ ಹೇಳುತ್ತದೆ. ಅದರಲ್ಲಿ ನೂರಕ್ಕೆ ಎಂಬತ್ತು ಹಾಸಿಗೆ ತುಂಬಿರಬೇಕು. ಹಾಸಿಗೆ ಕೊಂಡು ಹಾಕುವುದು ಸುಲಭ, ಅದರ ಮೇಲೆ ರೋಗಿ ತಾನಾಗಿ ಬಂದು ಮಲಗಬೇಕಲ್ಲ. ಇನ್‌ಸ್ಪೆಕ್ಷನ್ ದಿನಕ್ಕೆ ಮಾತ್ರ ಸುತ್ತಲ ಹಳ್ಳಿಯಿಂದ ವ್ಯಾನಿನಲ್ಲಿ ಜನರನ್ನು ತಂದು ಮಲಗಿಸುವ ಕಥೆಗಳನ್ನು ನೀವೂ ಕೇಳಿರುತ್ತೀರಿ. ಬರೀ ಕಥೆ ಅಂತ ತಳ್ಳಿಹಾಕಬೇಡಿ. 2025ರಲ್ಲಿ ಸಿಬಿಐ ಹಲವು ರಾಜ್ಯಗಳ ಖಾಸಗಿ ಕಾಲೇಜುಗಳ ಮೇಲೆ ಹಾಕಿದ ಕೇಸಿನಲ್ಲಿ ಸುಳ್ಳು ರೋಗಿ, ಸುಳ್ಳು ಮೇಷ್ಟ್ರು ಎರಡೂ ಆರೋಪ ಇವೆ.

ಅದಕ್ಕೆ ನೀವೇ ಹೋಗಿ ನೋಡಿ. ಭಾನುವಾರ ಹೋಗಬೇಡಿ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಓಪಿಡಿ (ಹೊರರೋಗಿ ವಿಭಾಗ) ಚೀಟಿ ಮಾಡಿಸುವ ಕೌಂಟರ್ ಹತ್ತಿರ ನಿಂತುಕೊಳ್ಳಿ. ಕ್ಯೂ ಇದೆಯಾ? ಯಾವ ಊರಿನವರು ಬಂದಿದ್ದಾರೆ? ಆಮೇಲೆ ಗಂಡಸರ ಮೆಡಿಸಿನ್ ವಾರ್ಡಿನ ಕಡೆ ಒಂದು ಸುತ್ತು ಹೋಗಿ. ವಿಸಿಟಿಂಗ್ ಟೈಮಿನಲ್ಲಿ ಯಾರೂ ತಡೆಯುವುದಿಲ್ಲ. ನಿಜವಾದ ವಾರ್ಡು ನೋಡಿದ ಕೂಡಲೇ ತಿಳಿಯುತ್ತದೆ. ಮಂಚದ ಕೆಳಗೆ ರೋಗಿಯ ಬ್ಯಾಗು, ಫ್ಲಾಸ್ಕು, ಕಿತ್ತಳೆ ಹಣ್ಣಿನ ಕವರು, ಕಿಟಕಿಗೆ ಒಣಗಲು ಹಾಕಿದ ಟವೆಲು ಇರುತ್ತದೆ. ಪಕ್ಕದಲ್ಲಿ ನೋಡಿಕೊಳ್ಳುವವರು ಇರುತ್ತಾರೆ. ಹಾಸಿಗೆಯ ಮೇಲೆ ಜನ ಮಲಗಿದ್ದಾರೆ, ಆದರೆ ಒಂದು ಚೀಲವೂ ಇಲ್ಲ, ಒಬ್ಬ ನೆಂಟನೂ ಇಲ್ಲ ಅಂದರೆ ಸ್ವಲ್ಪ ಯೋಚನೆ ಮಾಡಿ.

ಇದೆಲ್ಲಕ್ಕಿಂತ ಒಳ್ಳೆಯ ಉಪಾಯ ಆಸ್ಪತ್ರೆಯ ಎದುರಿನ ಟೀ ಅಂಗಡಿ. ಇಂಟರ್ನ್‌ಗಳು ಅಲ್ಲೇ ಸಿಗುತ್ತಾರೆ. ನಿದ್ದೆಗೆಟ್ಟು ಕಣ್ಣು ಕೆಂಪಾಗಿರುತ್ತದೆ, ಪಾಪ. ಒಂದು ಟೀ ಕೊಡಿಸಿ. "ಕಾಲೇಜು ಚೆನ್ನಾಗಿದೆಯಾ" ಅಂತ ಕೇಳಬೇಡಿ, "ಹ್ಞೂಂ" ಅಂದುಬಿಡುತ್ತಾರೆ. "ನೀನೇ ಕೈಯಾರೆ ಎಷ್ಟು ಹೆರಿಗೆ ಮಾಡಿಸಿದ್ದೀಯ? ಹೊಲಿಗೆ ಹಾಕಲು ಬಿಡುತ್ತಾರಾ? ಸ್ಟೈಪೆಂಡ್ ಪೂರ್ತಿ ಕೈಗೆ ಬರುತ್ತದಾ?" ಅಂತ ಕೇಳಿ. ಸ್ಟೈಪೆಂಡ್ ಪ್ರಶ್ನೆಗೆ ಮುಖ ಹೇಗಾಗುತ್ತದೆ ನೋಡಿದರೆ ಆಡಳಿತ ಮಂಡಳಿ ಎಂಥದ್ದು ಅಂತ ಅರ್ಧ ಗೊತ್ತಾಗುತ್ತದೆ.

ಈಗ ನಿಮ್ಮೆಲ್ಲರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. ನಮ್ಮ ಮಡಿಕೇರಿ ಕಾಲೇಜು ಹೇಗೆ? ಮೈಸೂರು ಸಿಕ್ಕರೆ ಮಡಿಕೇರಿ ಬಿಡಬೇಕಾ?

ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆ ಶುರುವಾಗಿದ್ದು 2016ರಲ್ಲಿ, 150 ಸೀಟಿನೊಂದಿಗೆ. ಜಿಲ್ಲಾಸ್ಪತ್ರೆಯೇ ಅದರ ಬೋಧನಾ ಆಸ್ಪತ್ರೆ. ಮೈಸೂರಿನ ಕಾಲೇಜು 1924ರದ್ದು, ನೂರು ವರ್ಷ ದಾಟಿದೆ. ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ ಅದರ ಜೊತೆಗಿವೆ. ಹೆಸರು, ಹಳತು, ಹೊಸತು ಬಿಡಿ, ಜನಸಂಖ್ಯೆ ನೋಡಿ. 2011ರ ಜನಗಣತಿ ಪ್ರಕಾರ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ. ಕರ್ನಾಟಕದಲ್ಲೇ ಅತಿ ಕಡಿಮೆ ಜನ ಇರುವ ಜಿಲ್ಲೆ ನಮ್ಮದು. ಮೈಸೂರು ಜಿಲ್ಲೆಯಲ್ಲಿ 30 ಲಕ್ಷ. ಅದರ ಮೇಲೆ ಮಂಡ್ಯ, ಚಾಮರಾಜನಗರದವರು ಬರುತ್ತಾರೆ, ನಾವೂ ಹೋಗುತ್ತೇವೆ. ಅಪರೂಪದ ಕಾಯಿಲೆಗಳು ಹೆಚ್ಚು ಜನ ಇರುವ ಕಡೆಯೇ ಹೆಚ್ಚು ಕಾಣುತ್ತವೆ, ಇದು ಬರೀ ಲೆಕ್ಕ. ತಲೆಗೆ ದೊಡ್ಡ ಪೆಟ್ಟು ಬಿದ್ದವರನ್ನು ಇಲ್ಲಿಂದ ಘಟ್ಟ ಇಳಿಸಿ ಮಂಗಳೂರಿಗೋ, ಇಲ್ಲ ಮೈಸೂರಿಗೋ ಕಳಿಸುತ್ತಾರೆ ಅನ್ನುವುದು ನಮಗೆಲ್ಲ ಗೊತ್ತಿರುವ ಕಷ್ಟ. 2019ರಲ್ಲಿ ನಮ್ಮ ಹುಡುಗರು ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕು ಅಂತ ಸೋಶಿಯಲ್ ಮೀಡಿಯಾದಲ್ಲಿ ದೊಡ್ಡ ಅಭಿಯಾನವನ್ನೇ ಮಾಡಿದ್ದರು, ನೆನಪಿದೆ ಅಲ್ವಾ? ಅಂಥ ರೋಗಿಯನ್ನು ಮುಂದಕ್ಕೆ ಕಳಿಸಿದಾಗ ಅವನ ಜೊತೆ ಆ ಪಾಠವೂ ಘಟ್ಟ ಇಳಿದು ಹೋಗುತ್ತದೆ.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲು ಇದೆ. ನಾನು ಓದಿದ್ದು ಒಂದು ಹಳೆಯ, ದೊಡ್ಡ ಸರ್ಕಾರಿ ಕಾಲೇಜಿನಲ್ಲಿ. ರೋಗಿಗಳಿಗೆ ಬರ ಇರಲಿಲ್ಲ. ಆದರೆ ಒಂದೊಂದು ಯೂನಿಟ್ಟಿನಲ್ಲಿ ಅಷ್ಟೊಂದು ಪಿಜಿಗಳು, ಅಂದರೆ ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ ಓದುತ್ತಿರುವವರು. ಎದೆಯಿಂದ ನೀರು ತೆಗೆಯುವುದು, ಟ್ಯೂಬು ಹಾಕುವುದು ಅಂದರೆ ಮೊದಲು ಸೀನಿಯರ್ ಪಿಜಿ, ಆಮೇಲೆ ಜೂನಿಯರ್ ಪಿಜಿ, ನಮ್ಮ ಪಾಲಿಗೆ ಟಾರ್ಚ್ ಹಿಡಿಯುವ ಕೆಲಸ. ಮದುವೆ ಮನೆಯ ಕೊನೆ ಪಂಕ್ತಿಯವರ ಹಾಗೆ ಕಾದು ಕೂತಿರಬೇಕಿತ್ತು. ಪಿಜಿಗಳು ಕಡಿಮೆ ಇರುವ ಕಡೆ ಇಂಟರ್ನ್ ಕೈಗೆ ಕೆಲಸ ಬೇಗ ಬರುತ್ತದೆ. ದೊಡ್ಡ ಕಡೆ ನೋಡಲು ಜಾಸ್ತಿ ಸಿಗುತ್ತದೆ, ಸಣ್ಣ ಕಡೆ ಮಾಡಲು ಜಾಸ್ತಿ ಸಿಗಬಹುದು. ಮುಂದೆ ಹಾರ್ಟ್ ಸರ್ಜನ್ನೋ ನ್ಯೂರೋಲಜಿಸ್ಟೋ ಆಗಬೇಕು ಅನ್ನುವವರು ದೊಡ್ಡ ಆಸ್ಪತ್ರೆಗೆ ಹೋಗಿ. ಊರಿಗೆ ವಾಪಸ್ ಬಂದು ಪ್ರಾಕ್ಟೀಸ್ ಮಾಡುತ್ತೇನೆ ಅನ್ನುವವರಿಗೆ ಜಿಲ್ಲಾಸ್ಪತ್ರೆ ಏನೂ ಕಡಿಮೆ ಅಲ್ಲ. ಮಡಿಕೇರಿ ಸಿಕ್ಕಿತು ಅಂತ ಮುಖ ಸಣ್ಣ ಮಾಡಿಕೊಂಡು ಬಂದ ಹುಡುಗಿಯೊಬ್ಬಳಿಗೆ ನಾನು ಹೇಳಿದ್ದೂ ಇದನ್ನೇ. ಮೈಸೂರು, ಮಡಿಕೇರಿ ಎರಡೂ ಕೈಗೆ ಸಿಗುವಂತಿದ್ದರೆ? ನನ್ನ ಮಗಳಾಗಿದ್ದರೆ ಮೈಸೂರು ಹಾಕು ಅನ್ನುತ್ತಿದ್ದೆ. ಮಡಿಕೇರಿಯ ಸರ್ಕಾರಿ ಸೀಟು, ಇಲ್ಲವೇ ದೂರದ ಹೊಸ ಖಾಸಗಿ ಕಾಲೇಜು ಅಂದರೆ ಮಡಿಕೇರಿಯೇ, ಎರಡನೇ ಮಾತಿಲ್ಲ.

ಖಾಸಗಿ ಅಂದ ಕೂಡಲೇ ರೋಗಿ ಇಲ್ಲ ಅಂತಲೂ ಅಲ್ಲ. ಮಂಗಳೂರಿನ ಕೆಎಂಸಿ (ಕಸ್ತೂರ್ಬಾ ಮೆಡಿಕಲ್ ಕಾಲೇಜು) 1955ರಲ್ಲಿ ಶುರುವಾದದ್ದು. ಅಲ್ಲಿನ ವಿದ್ಯಾರ್ಥಿಗಳು ಮೊದಲಿನಿಂದಲೂ ವೆನ್ಲಾಕ್ ಆಸ್ಪತ್ರೆಯಲ್ಲಿ, ಹೆರಿಗೆ ವಿಭಾಗಕ್ಕೆ ಲೇಡಿ ಗೋಷನ್‌ನಲ್ಲಿ ಕಲಿಯುತ್ತಾರೆ. ಎರಡೂ ಸರ್ಕಾರಿ ಆಸ್ಪತ್ರೆಗಳು. ಭಾಗಮಂಡಲ, ಸಂಪಾಜೆ ಕಡೆಯವರು ಎಷ್ಟೋ ಜನ ವೆನ್ಲಾಕಿಗೆ ಹೋದವರೇ. ಬೋರ್ಡಿನಲ್ಲಿ ಯಾರ ಹೆಸರಿದೆ ಅನ್ನುವುದಕ್ಕಿಂತ ವಿದ್ಯಾರ್ಥಿ ಯಾವ ವಾರ್ಡಿನಲ್ಲಿ ನಿಲ್ಲುತ್ತಾನೆ ಅಂತ ಕೇಳಿ.

ಇನ್ನು ಭಾಷೆ. ನಮ್ಮ ಮಕ್ಕಳಿಗೆ ಇದೊಂದು ಆಸ್ತಿ, ಅವರಿಗೇ ಗೊತ್ತಿಲ್ಲ. ಇಲ್ಲಿ ಕೂತವರಲ್ಲಿ ಹೆಚ್ಚಿನವರಿಗೆ ಕನ್ನಡದ ಜೊತೆ ಕೊಡವ ತಕ್ಕೋ, ಅರೆಭಾಷೆಯೋ, ಮಲಯಾಳವೋ, ತುಳುವೋ ಬರುತ್ತದೆ. ಒಂದು ಬೆಳಗಿನ ಓಪಿಡಿಯಲ್ಲಿ ನನ್ನ ಮುಂದೆ ಕುಟ್ಟದ ಎರವ ಅಜ್ಜಿ ಬರುತ್ತಾರೆ, ನಾಪೋಕ್ಲಿನ ಬ್ಯಾರಿ ವ್ಯಾಪಾರಿ ಬರುತ್ತಾರೆ, ತೋಟದ ಕಾರ್ಮಿಕರ ಲೈನ್ ಮನೆಯಿಂದ ಅಸ್ಸಾಮಿನ ಹುಡುಗ ಬರುತ್ತಾನೆ. ಹೊಟ್ಟೆನೋವು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಉರಿಯುತ್ತಾ, ಹಿಂಡುತ್ತಾ, ಊಟ ಆದ ಮೇಲೆ ಬರುತ್ತಾ, ಬೆನ್ನಿಗೆ ಹೋಗುತ್ತಾ ಅಂತ ಕೇಳಿ ತಿಳಿಯಬೇಕಾದರೆ ಅವರ ಮಾತು ಬರಬೇಕು. ಕಾಯಿಲೆ ಏನು ಅಂತ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಗೊತ್ತಾಗುತ್ತದೆ, ಸ್ಕ್ಯಾನಿಂಗ್ ಎಲ್ಲ ಆಮೇಲೆ. ಎನ್‌ಎಂಸಿ ಕೂಡ ಮೊದಲ ವರ್ಷದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆ ಕಲಿಸಬೇಕು ಅಂತ ಇಟ್ಟಿದೆ. ಉತ್ತರದ ರಾಜ್ಯಕ್ಕೆ ಹೋಗಿ ಓದಬಾರದು ಅಂತಲ್ಲ. ಹೋದರೆ ಮೊದಲ ವರ್ಷ ಆ ಭಾಷೆಗೆ ಮೀಸಲಿಡಿ.

ವಿದೇಶಕ್ಕೆ ಹೋಗುವವರು ಈ ಭಾಷೆಯ ಮಾತನ್ನು ಇನ್ನೂ ಸರಿಯಾಗಿ ಕೇಳಿಸಿಕೊಳ್ಳಬೇಕು. ಏಜೆಂಟರು "ಫುಲ್ ಇಂಗ್ಲಿಷ್ ಮೀಡಿಯಂ" ಅನ್ನುತ್ತಾರೆ. ಪಾಠ ಇಂಗ್ಲಿಷಿನಲ್ಲೇ ಇರಬಹುದು, ಮಂಚದ ಮೇಲೆ ಮಲಗಿರುವ ಅಜ್ಜಿ ರಷ್ಯನ್ ಮಾತಾಡುತ್ತಾಳಲ್ಲ? ಅವಳ ಹತ್ತಿರ ಏನು ಕೇಳುತ್ತೀರಿ? 2021ರ ನಿಯಮದ ಪ್ರಕಾರ ಅಲ್ಲಿ ಕನಿಷ್ಠ 54 ತಿಂಗಳು ಓದಬೇಕು, ಇಂಗ್ಲಿಷಿನಲ್ಲೇ ಓದಬೇಕು, 12 ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಮುಗಿಸಬೇಕು, ಆ ದೇಶದಲ್ಲಿ ವೈದ್ಯರಾಗುವ ಅರ್ಹತೆಯೂ ಆ ಪದವಿಗೆ ಇರಬೇಕು. ವಾಪಸ್ ಬಂದ ಮೇಲೆ ವಿದೇಶದಲ್ಲಿ ಓದಿದವರಿಗೆ ಇಟ್ಟಿರುವ ಎಫ್‌ಎಂಜಿಇ ಪರೀಕ್ಷೆ ಪಾಸಾಗಬೇಕು, ಇಲ್ಲಿ ಮತ್ತೊಂದು ವರ್ಷ ಇಂಟರ್ನ್‌ಶಿಪ್. ಈಚಿನ ವರ್ಷಗಳಲ್ಲಿ ಆ ಪರೀಕ್ಷೆ ಬರೆದವರಲ್ಲಿ ಬಹುಪಾಲು ಜನ ಫೇಲ್ ಆಗುತ್ತಿದ್ದಾರೆ. ಕಷ್ಟಪಟ್ಟು ಓದಿ ಚೆನ್ನಾಗಿ ಬಂದವರನ್ನೂ ನಾನು ಬಲ್ಲೆ. ಆದರೆ ನೀಟ್‌ನಲ್ಲಿ ಕಡಿಮೆ ಬಂತು, ಅದಕ್ಕೆ ಅಲ್ಲಿಗೆ ಹೋಗುತ್ತೇನೆ, ಅಲ್ಲಿ ಸುಲಭ ಅನ್ನುವ ಲೆಕ್ಕ ತಲೆಕೆಳಗು.

ಹಣದ ವಿಷಯ. ಪೋಷಕರಿಗೆ ಸ್ವಲ್ಪ ಬೇಜಾರಾದರೂ ಹೇಳುತ್ತೇನೆ. ಡೀಮ್ಡ್ ಕಾಲೇಜಿನಲ್ಲಿ ಎಲ್ಲ ಸೇರಿ ಒಂದು ಕೋಟಿ ದಾಟುವುದು ಈಗ ಮಾಮೂಲು. ಒಂದು ಕೋಟಿ ಸಾಲಕ್ಕೆ ನೂರಕ್ಕೆ ಹತ್ತರ ಬಡ್ಡಿ ಅಂದರೆ ತಿಂಗಳಿಗೆ 83 ಸಾವಿರ ಬರೀ ಬಡ್ಡಿ. ಎಂಬಿಬಿಎಸ್ ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರಿದವರಲ್ಲಿ ಹೆಚ್ಚಿನವರ ಸಂಬಳ ಅದಕ್ಕೆ ಸಾಲುವುದಿಲ್ಲ. ಪಿಜಿ ಮಾಡದೆ ಇರುವವರು ಈಗ ಕಡಿಮೆ, ಅದಕ್ಕೆ ಇನ್ನೊಂದು ಖರ್ಚು. ನಮ್ಮಲ್ಲಿ ಇನ್ನೊಂದು ತೊಡಕು ಇದೆ. ತೋಟ ಇದೆ, ಬ್ಯಾಂಕಿಗೆ ಅಡ ಇಟ್ಟರಾಯಿತು ಅಂತ ಹೋಗುತ್ತಾರೆ. ಆರ್‌ಟಿಸಿ ತೆಗೆದು ನೋಡಿದರೆ ಜಮ್ಮಾ ಬಾಣೆ (ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದ ಜಮೀನು), ಹೆಸರು ಯಾವುದೋ ಕಾಲದ ಪಟ್ಟೇದಾರರದ್ದು, ಅಂದರೆ ಮನೆತನದ ಹಿರಿಯರದ್ದು, ಕೆಳಗೆ ಇಡೀ ಒಕ್ಕದ, ಅಂದರೆ ಮನೆತನದ, ಹಕ್ಕು. ಮ್ಯಾನೇಜರು ತಲೆ ಆಡಿಸುತ್ತಾರೆ. ಅಷ್ಟು ಹೊತ್ತಿಗೆ ಫೀಸು ಕಟ್ಟುವ ಕೊನೆಯ ದಿನ ಬಂದಿರುತ್ತದೆ. ಹೀಗಾಗಿ ಈ ಕಾಗದದ ಕೆಲಸವನ್ನು ಮಗ ಫಸ್ಟ್ ಪಿಯುಸಿಯಲ್ಲಿ ಇರುವಾಗಲೇ ಶುರು ಮಾಡಿ. ಈಗ ಕಾಫಿಗೆ ಒಳ್ಳೆ ರೇಟಿದೆ ಅಂತ ಐದು ವರ್ಷದ ಫೀಸನ್ನು ಅದರ ಮೇಲೆ ಲೆಕ್ಕ ಹಾಕಬೇಡಿ. ಕಾಫಿ ರೇಟು ಏರಿ ಇಳಿದದ್ದನ್ನು ನಿಮಗೆ ನಾನು ಹೇಳಿಕೊಡಬೇಕಾ?

ಒಂದು ವರ್ಷ ಸುಮ್ನೆ ಹೋಗುತ್ತದೆ ಅಂತ ಹೆದರಿ ಒಂದು ಕೋಟಿ ಕೊಡುವುದಕ್ಕಿಂತ, ಮಗುವಿಗೆ ಮನಸ್ಸಿದ್ದರೆ ಇನ್ನೊಂದು ಸಲ ನೀಟ್ ಬರೆಯುವುದು ಎಷ್ಟೋ ವಾಸಿ. ಮನಸ್ಸಿದ್ದರೆ ಮಾತ್ರ. ಅಪ್ಪನ ಆಸೆಗೆ ಮೂರನೇ ಸಲ, ನಾಲ್ಕನೇ ಸಲ ಕೋಚಿಂಗಿಗೆ ಕೂತ ಮಕ್ಕಳನ್ನು ನಾನು ನನ್ನ ಕ್ಲಿನಿಕ್ಕಿನಲ್ಲಿ ರೋಗಿಗಳಾಗಿ ನೋಡುತ್ತೇನೆ.

ಸೈನ್ಯದ ಮನೆಗಳು ಇಲ್ಲಿ ಜಾಸ್ತಿ, ಹಾಗಾಗಿ ಪುಣೆಯ ಎಎಫ್‌ಎಂಸಿ, ಅಂದರೆ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನ ಬಗ್ಗೆ ಒಂದು ಮಾತು. ಅಲ್ಲಿ ಓದಿಗೆ ಫೀಸಿಲ್ಲ. ಮುಗಿದ ಮೇಲೆ ಸೇನೆಯ ವೈದ್ಯಾಧಿಕಾರಿಯಾಗಿ ಕೆಲಸ ಮಾಡಬೇಕು, ಶಾರ್ಟ್ ಸರ್ವಿಸ್ (ಸೀಮಿತ ಅವಧಿಯ ಸೇವೆ) ಆದರೂ ಏಳು ವರ್ಷ. ನೀಟ್ ಮಾರ್ಕ್ಸ್ ಜೊತೆ ಅವರದ್ದೇ ಒಂದು ಪರೀಕ್ಷೆ, ಇಂಟರ್‌ವ್ಯೂ, ಮೆಡಿಕಲ್ ಎಲ್ಲ ಇದೆ. ಹುಡುಗಿಯರಿಗೆ ಸೀಟು ತುಂಬಾ ಕಡಿಮೆ, ಅದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಹಾಕಿ ಸ್ಟಿಕ್ ಹಿಡಿದು ಬೆಳೆದ, ಬೆಳಿಗ್ಗೆ ಐದಕ್ಕೆ ಏಳಲು ಬೇಜಾರಿಲ್ಲದ ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ಕಾರ್ಯಪ್ಪ, ತಿಮ್ಮಯ್ಯ ಅವರ ಊರಿನಿಂದ ಅಲ್ಲಿಗೆ ಅರ್ಜಿ ಹಾಕುವವರು ಇನ್ನೂ ಜಾಸ್ತಿ ಇರಬೇಕಿತ್ತು.

ಹಾಸ್ಟೆಲ್ ಊಟ, ಫೆಸ್ಟು, ಕ್ಯಾಂಪಸ್ ಎಲ್ಲ ಅಡ್ಜಸ್ಟ್ ಆಗುತ್ತದೆ. ರ‍್ಯಾಗಿಂಗ್ ವಿಷಯ ಮಾತ್ರ ಅಲ್ಲಿನ ಎರಡನೇ ವರ್ಷದವರನ್ನು ಬಿಟ್ಟು ಮೊದಲ ವರ್ಷದವರನ್ನು ಕೇಳಿ.

ಕಾಲೇಜಿನವರ ಹತ್ತಿರ ಕೇಳಬೇಕಾದ ಒಂದು ಪ್ರಶ್ನೆ ಇದೆ, ಯಾರೂ ಕೇಳುವುದಿಲ್ಲ. ಈಗ ಪ್ರತಿ ವಿದ್ಯಾರ್ಥಿಯೂ ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ನೋಡುತ್ತಿರಬೇಕು ಅಂತ ನಿಯಮ ಇದೆ. ಯಾವ ಹಳ್ಳಿಗೆ ಕರೆದುಕೊಂಡು ಹೋಗುತ್ತೀರಿ ಅಂತ ಕೇಳಿ. ಊರಿನ ಹೆಸರು ತಕ್ಷಣ ಬಂದರೆ ಹೋಗುತ್ತಿದ್ದಾರೆ ಅಂತ ಅರ್ಥ. "ಅದೆಲ್ಲ ಕಮ್ಯುನಿಟಿ ಮೆಡಿಸಿನ್‌ನವರು ನೋಡಿಕೊಳ್ಳುತ್ತಾರೆ" ಅಂದರೆ ಫೋಟೋ ತೆಗೆದು ಬರುತ್ತಾರೆ ಅಂತ. ಒಂದೇ ಮನೆಗೆ ಮತ್ತೆ ಮತ್ತೆ ಹೋದ ವಿದ್ಯಾರ್ಥಿಗೆ ಮಾತ್ರ ಬಿಪಿ ಮಾತ್ರೆ ಬರೆದುಕೊಟ್ಟರೂ ಆ ಮನೆಯವರು ಯಾಕೆ ತಿನ್ನುತ್ತಿಲ್ಲ ಅಂತ ಗೊತ್ತಾಗುತ್ತದೆ. ಬಸ್ಸಿಗೆ ದುಡ್ಡಿರುವುದಿಲ್ಲ, ಇಲ್ಲವಾದರೆ ಕೆಲಸಕ್ಕೆ ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ.

ಕೊನೆಗೆ ಕೌನ್ಸೆಲಿಂಗ್, ಅಂದರೆ ಸೀಟು ಹಂಚಿಕೆ. ಸರ್ಕಾರಿ ಕಾಲೇಜಿನ ನೂರಕ್ಕೆ 15 ಸೀಟು ಅಖಿಲ ಭಾರತ ಕೋಟಾ, ಅದನ್ನೂ ಡೀಮ್ಡ್ ಸೀಟುಗಳನ್ನೂ ಕೇಂದ್ರದ ಎಂಸಿಸಿ (ಮೆಡಿಕಲ್ ಕೌನ್ಸೆಲಿಂಗ್ ಕಮಿಟಿ) ತುಂಬುತ್ತದೆ. ಉಳಿದದ್ದು ನಮ್ಮ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಎರಡಕ್ಕೂ ಬೇರೆ ಬೇರೆ ಅರ್ಜಿ ಹಾಕಬೇಕು, ಒಂದಕ್ಕೆ ಹಾಕಿ ಸುಮ್ಮನಾಗಬೇಡಿ. ಆಪ್ಷನ್ ಎಂಟ್ರಿಯಲ್ಲಿ ನಿಮಗೆ ಯಾವುದು ಮೊದಲು ಬೇಕೋ ಅದನ್ನೇ ಮೊದಲು ಹಾಕಿ. ಹೋದ ವರ್ಷದ ಕಟಾಫ್ ನೋಡಿ "ಇದು ನಮಗೆ ಸಿಗುವುದಿಲ್ಲ" ಅಂತ ಬಿಟ್ಟವರು ಆಮೇಲೆ ಕೈ ಕೈ ಹಿಸುಕಿಕೊಳ್ಳುತ್ತಾರೆ. ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ತಾನಾಗಿ ಬರುತ್ತದೆ, ನಷ್ಟ ಏನಿಲ್ಲ. ಕಾಲೇಜಿಗೆ ಈ ವರ್ಷದ ಅನುಮತಿ ಇದೆಯಾ ಅಂತ ಎನ್‌ಎಂಸಿ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಓದು ಮುಗಿದ ಮೇಲಿನ ಕಡ್ಡಾಯ ಗ್ರಾಮೀಣ ಸೇವೆಗೆ 2012ರಿಂದ ಕಾಯ್ದೆ ಇದೆ, ಮಧ್ಯೆ ತಿದ್ದುಪಡಿ ಆಗಿದೆ. ನಿಮ್ಮ ವರ್ಷಕ್ಕೆ ಏನು ಅನ್ವಯ ಅಂತ ಸೀಟು ತೆಗೆದುಕೊಳ್ಳುವಾಗಲೇ ಓದಿ.

ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಮೀಸಲಾತಿ ಇದೆ. ಸೈನಿಕರ, ಮಾಜಿ ಸೈನಿಕರ ಮಕ್ಕಳಿಗೆ ಬೇರೆ ಕೋಟಾ ಇದೆ. ನಮ್ಮ ಜಿಲ್ಲೆಯಲ್ಲಿ ಇಷ್ಟೂ ಅನ್ವಯಿಸುವ ಮಕ್ಕಳು ಬೇಕಾದಷ್ಟು ಇದ್ದಾರೆ. ಆದರೆ ಸರ್ಟಿಫಿಕೇಟಿಗೆ ಓಡಾಡುವುದು ಯಾವಾಗ? ಜೂನ್, ಜುಲೈನಲ್ಲಿ, ಮಳೆ ಹೊಡೆಯುವಾಗ, ಕರೆಂಟ್ ಇಲ್ಲದಾಗ, ಮರ ಬಿದ್ದು ರಸ್ತೆ ಬಂದ್ ಆದಾಗ. ಮೂರು ಶಾಲೆ ಬದಲಿಸಿದ್ದರೆ ಮೂರೂ ಕಡೆ ಹೆಡ್‌ಮಾಸ್ಟರ ಸಹಿ, ಮೇಲೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಈಗ ಹೊರಗೆ ಬಿಸಿಲಿದೆ. ನಾಳೆ ಬೆಳಿಗ್ಗೆ ಮೊದಲು ಆ ಕೆಲಸಕ್ಕೆ ಹೊರಡಿ. ಪ್ರಶ್ನೆ ಇದ್ದವರು ಇಲ್ಲೇ ಇರಿ, ಒಬ್ಬೊಬ್ಬರಾಗಿ ಮಾತಾಡೋಣ.